ಬಾಯಾರಿನ ಬೆಳಕು: ಹನ್ನೆರಡು ತಿಂಗಳ ಭೂದೃಶ್ಯ ಛಾಯಾಗ್ರಹಣ

ಭೂದೃಶ್ಯದ ಛಾಯಾಚಿತ್ರವನ್ನು ಎರಡು ಸಂಗತಿಗಳು ನಿರ್ಧರಿಸುತ್ತವೆ. ಒಂದು, ಆಕಾಶದಲ್ಲಿ ಸೂರ್ಯನಿರುವ ಜಾಗ. ಇನ್ನೊಂದು, ಗಾಳಿಯಲ್ಲೂ ನೆಲದಲ್ಲೂ ಇರುವ ನೀರು. ಕ್ಯಾಮೆರಾ ದುಬಾರಿಯದ್ದಾಗಿರಲಿ, ಕಿಸೆಯಲ್ಲಿರುವ ಮೊಬೈಲ್ ಆಗಿರಲಿ, ಈ ಎರಡನ್ನು ಗಮನಿಸಿದವರ ಕೈಯಲ್ಲಿ ಅದರ ಕೆಲಸ ಚೆನ್ನಾಗಿ ನಡೆಯುತ್ತದೆ.

ಛಾಯಾಗ್ರಹಣದ ಹೆಚ್ಚಿನ ಪಠ್ಯಪುಸ್ತಕಗಳು ಯುರೋಪ್, ಅಮೆರಿಕಗಳಲ್ಲಿ ಬರೆದವು. ಅವು ನಾಲ್ಕು ಋತುಗಳ ಮಾತಾಡುತ್ತವೆ. ಎಲೆ ಕೆಂಪಾಗುವ ಶರತ್ಕಾಲ, ಹಿಮ ಬೀಳುವ ಚಳಿಗಾಲ, ಹೂ ಅರಳುವ ವಸಂತ. ಕಾಸರಗೋಡು ಜಿಲ್ಲೆಯ ಉತ್ತರ ಅಂಚಿನ ಬಾಯಾರಿಗೆ ಆ ಲೆಕ್ಕ ಹೊಂದುವುದಿಲ್ಲ. ಮಂಜೇಶ್ವರ ತಾಲೂಕಿನ ಪೈವಳಿಕೆ ಪಂಚಾಯತಿಗೆ ಸೇರಿದ ಈ ಊರಿನಲ್ಲಿ ವರ್ಷವನ್ನು ಅಳೆಯುವುದು ಮಳೆ. ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಉಳಿದ ಎಂಟು ತಿಂಗಳು ಆ ನೀರು ನಿಧಾನವಾಗಿ ಇಳಿದು, ಹರಿದು, ಆರಿಹೋಗುವ ಕಾಲ. ಬಾಯಾರಿನ ಭೂದೃಶ್ಯ ಬದಲಾಗುವುದು ಈ ನೀರಿನ ಜೊತೆಗೇ.

ಮೊದಲು ಸೂರ್ಯನ ವಿಷಯ. ಬಾಯಾರು ಭೂಮಧ್ಯರೇಖೆಯಿಂದ ಉತ್ತರಕ್ಕೆ 13 ಡಿಗ್ರಿಗೆ ಸ್ವಲ್ಪ ಕಡಿಮೆ ದೂರದಲ್ಲಿದೆ. ಇಷ್ಟು ಹತ್ತಿರ ಇರುವುದರಿಂದ ಸೂರ್ಯ ಇಲ್ಲಿ ಕಡಿದಾಗಿ ಏರುತ್ತಾನೆ, ಕಡಿದಾಗಿ ಇಳಿಯುತ್ತಾನೆ. ಸೂರ್ಯ ದಿಗಂತದಿಂದ 6 ಡಿಗ್ರಿ ಎತ್ತರದ ಒಳಗಿರುವ ಹೊತ್ತನ್ನು ಛಾಯಾಗ್ರಾಹಕರು ಹೊಂಬೆಳಕಿನ ಹೊತ್ತು ಎನ್ನುತ್ತಾರೆ. ಸ್ವೀಡನ್, ನಾರ್ವೆಯಂಥ ಉತ್ತರದ ನಾಡುಗಳ ಬೇಸಿಗೆಯಲ್ಲಿ ಅದು ಬಹಳ ದೀರ್ಘ. ಬಾಯಾರಿನಲ್ಲಿ ಅದು ಸುಮಾರು 25 ನಿಮಿಷ. ಸೂರ್ಯ ಮುಳುಗಿದ ಮೇಲೆ ನೀಲಿ ಬೆಳಕು ಉಳಿಯುವುದೂ ಹೆಚ್ಚು ಕಡಿಮೆ ಅಷ್ಟೇ ಹೊತ್ತು. ಆದ್ದರಿಂದ ಇಲ್ಲಿ ಬೆಳಕು ಬಂದ ಮೇಲೆ ಜಾಗ ಹುಡುಕುವ ಪದ್ಧತಿ ನಡೆಯದು. ಜಾಗ ಮೊದಲೇ ಗೊತ್ತಿರಬೇಕು. ಮುಕ್ಕಾಲಿ ಮೊದಲೇ ಊರಿರಬೇಕು. ಚೌಕಟ್ಟು ಮೊದಲೇ ನಿರ್ಧಾರವಾಗಿರಬೇಕು.

ಸೂರ್ಯ ಮುಳುಗುವ ಜಾಗವೂ ವರ್ಷವಿಡೀ ಸರಿಯುತ್ತಿರುತ್ತದೆ. ಕೇಳುಗರು ಇದನ್ನು ಕೈಯಲ್ಲೇ ಅಳೆಯಬಹುದು. ತೋಳು ಪೂರ್ತಿ ಚಾಚಿ ಮುಷ್ಟಿ ಬಿಗಿದರೆ ಆ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಜೂನ್ ಕೊನೆಗೆ ಸೂರ್ಯ ನೇರ ಪಶ್ಚಿಮದಿಂದ ಬಲಕ್ಕೆ, ಎಂದರೆ ಉತ್ತರಕ್ಕೆ, ಸುಮಾರು ಎರಡೂವರೆ ಮುಷ್ಟಿ ದೂರದಲ್ಲಿ ಮುಳುಗುತ್ತಾನೆ. ಡಿಸೆಂಬರ್ ಕೊನೆಗೆ ಎಡಕ್ಕೆ ಅಷ್ಟೇ ದೂರ. ಒಟ್ಟು ಐದು ಮುಷ್ಟಿಯ ಓಡಾಟ. ಡಿಸೆಂಬರಿನಲ್ಲಿ ಎರಡು ಗುಡ್ಡೆಗಳ ನಡುವಿನ ಸಂದಿಯಲ್ಲಿ ಇಳಿಯುವ ಸೂರ್ಯ ಮಾರ್ಚ್ ಹೊತ್ತಿಗೆ ಗುಡ್ಡೆಯ ಹಿಂದೆ ಅಡಗಿರುತ್ತಾನೆ. ಒಂದು ನಿರ್ದಿಷ್ಟ ಚಿತ್ರಕ್ಕೆ ವರ್ಷದಲ್ಲಿ ಕೆಲವೇ ವಾರ ಸಿಗುವುದು ಈ ಕಾರಣದಿಂದ.

ಮಧ್ಯಾಹ್ನದ ಸೂರ್ಯನಿಗೂ ಒಂದು ನಡೆಯಿದೆ. ಏಪ್ರಿಲ್ ಕೊನೆಯ ವಾರದಲ್ಲಿ ಒಮ್ಮೆ, ಆಗಸ್ಟ್ 20ರ ಆಸುಪಾಸಿನಲ್ಲಿ ಇನ್ನೊಮ್ಮೆ ಅವನು ಬಾಯಾರಿನ ನೆತ್ತಿಯ ಮೇಲೆ ಬರುತ್ತಾನೆ. ಆಗ ಅಡಿಕೆ ಮರದ ನೆರಳು ಅದರ ಬುಡದಲ್ಲೇ ಬೀಳುತ್ತದೆ. ನೆರಳಿಲ್ಲದ ನೆಲ ಚಿತ್ರದಲ್ಲಿ ಚಪ್ಪಟೆಯಾಗಿ ಕಾಣುತ್ತದೆ. ಏರುತಗ್ಗುಗಳು ಅಳಿಸಿಹೋಗುತ್ತವೆ. ಡಿಸೆಂಬರಿನಲ್ಲಿ ಮಾತ್ರ ಮಧ್ಯಾಹ್ನದ ಸೂರ್ಯ ದಕ್ಷಿಣಕ್ಕೆ ವಾಲಿ, ಸುಮಾರು 54 ಡಿಗ್ರಿ ಎತ್ತರದಲ್ಲಿ ನಿಲ್ಲುತ್ತಾನೆ. ವರ್ಷದಲ್ಲಿ ಹಗಲಿಡೀ ಕ್ಯಾಮೆರಾ ಹಿಡಿಯಬಹುದಾದ ಬಿಸಿಲು ಎಂದರೆ ಅದೊಂದೇ ಕಾಲದ್ದು.

ಸೂರ್ಯನ ಬಗ್ಗೆ ಹೇಳಿದ್ದು ಇಷ್ಟು. ಅವನ ಒಳ್ಳೆಯ ಬೆಳಕಿನ ಅವಧಿ ಇಲ್ಲಿ ಚಿಕ್ಕದು. ಅವನು ಮುಳುಗುವ ಜಾಗ ತಿಂಗಳಿಂದ ತಿಂಗಳಿಗೆ ಸರಿಯುತ್ತದೆ. ಇನ್ನು ನೆಲದ ವಿಷಯ.

ಬಾಯಾರಿನ ನೆಲಕ್ಕೆ ಮೂರು ಅಂತಸ್ತು. ಮೇಲೆ ಪದವು. ಎಂದರೆ ಮುರಕಲ್ಲಿನ, ಹೆಚ್ಚು ಮರಗಳಿಲ್ಲದ, ವಿಶಾಲವಾದ ಸಮತಟ್ಟು. ಬಾಯಾರುಪದವು ಎಂಬ ಊರಿನ ಹೆಸರಿನಲ್ಲೇ ಅದು ಇದೆ. ಪದವಿನ ಕೆಳಗೆ ಇಳಿಜಾರು. ಅಲ್ಲಿ ಗೇರುಮರ, ಕುರುಚಲು, ಈಗೀಗ ರಬ್ಬರ್. ಅದಕ್ಕೂ ಕೆಳಗೆ ತೋಡಿನ ಎರಡು ದಂಡೆಗಳಲ್ಲಿ ಅಡಿಕೆ ತೋಟ, ತೆಂಗು, ಉಳಿದಲ್ಲಿ ಗದ್ದೆ. ಈ ಮೂರೂ ಒಂದೇ ಹೊತ್ತಿಗೆ ಬೆಳಕು ಕಾಣುವುದಿಲ್ಲ. ಪದವಿನ ಮೇಲೆ ಬಿಸಿಲು ಹರಡಿದಾಗ ತೋಟ ಇನ್ನೂ ಕತ್ತಲೆಯಲ್ಲಿರುತ್ತದೆ. ಆ ವ್ಯತ್ಯಾಸವೇ ಇಲ್ಲಿಯ ಚಿತ್ರಗಳಿಗೆ ಆಳ ಕೊಡುತ್ತದೆ.

ಸಮೀಪದ ಧರ್ಮತ್ತಡ್ಕದ ಬಳಿ ಪೊಸಡಿಗುಂಪೆ ಇದೆ. ಸಾವಿರ ಅಡಿಗೂ ಹೆಚ್ಚು ಎತ್ತರದ ಹುಲ್ಲುಗುಡ್ಡ. ಅದರ ನೆತ್ತಿಯಲ್ಲಿ ನಿಂತರೆ ಪಶ್ಚಿಮಕ್ಕೆ ಅರಬ್ಬೀ ಸಮುದ್ರದ ಗೆರೆ ಕಾಣುತ್ತದೆ. ಈಶಾನ್ಯಕ್ಕೆ, ಸುಮಾರು 50 ಕಿಲೋಮೀಟರ್ ದೂರದಲ್ಲಿ, ಕುದುರೆಮುಖದ ಸಾಲು. ಸಂಜೆ ಎಲ್ಲರೂ ಸಮುದ್ರದ ಕಡೆ ಮುಖಮಾಡಿ ಸೂರ್ಯಾಸ್ತವನ್ನು ಹಿಡಿಯುತ್ತಾರೆ. ಅದೇ ಹೊತ್ತಿಗೆ ಅವರ ಬೆನ್ನಹಿಂದೆ ಘಟ್ಟದ ಇಳಿಜಾರುಗಳ ಮೇಲೆ ಸಂಜೆಯ ಕೆಂಪು ಬಿದ್ದಿರುತ್ತದೆ. ಭೂದೃಶ್ಯ ಅಲ್ಲಿದೆ. ಸೂರ್ಯಾಸ್ತಕ್ಕೆ ಹೋದವರು ಬೆನ್ನು ತಿರುಗಿಸಿ ನೋಡುವುದನ್ನು ಅಭ್ಯಾಸ ಮಾಡಿಕೊಂಡರೆ ಅವರ ಚಿತ್ರಗಳ ಗುಣ ಒಂದೇ ವರ್ಷದಲ್ಲಿ ಬದಲಾಗುತ್ತದೆ.

ಸೂರ್ಯ ಆಯಿತು, ನೆಲ ಆಯಿತು. ಇನ್ನು ತಿಂಗಳುಗಳು. ತುಳುವರ ಲೆಕ್ಕದ ಕಾರ್ತೆಲಿನಿಂದ, ಎಂದರೆ ಜೂನ್ ಮಧ್ಯದಿಂದ, ಆರಂಭಿಸುವುದು ಸರಿ. ಆಗ ಮಳೆ ಹಿಡಿದಿರುತ್ತದೆ.

ಮಳೆಗಾಲದಲ್ಲಿ ಕ್ಯಾಮೆರಾವನ್ನು ಕಪಾಟಿನಲ್ಲಿ ಇಡುವವರು ಬಹಳ. ಅದು ದೊಡ್ಡ ನಷ್ಟ. ಮೋಡ ಕವಿದ ಆಕಾಶದಿಂದ ಬೆಳಕು ಎಲ್ಲ ದಿಕ್ಕಿನಿಂದಲೂ ಸಮವಾಗಿ ಬರುತ್ತದೆ. ಅಡಿಕೆ ತೋಟದ ಒಳಗೆ ಬಿಸಿಲುಗಾಲದಲ್ಲಿ ಬಿಳಿ ಚುಕ್ಕೆ, ಕರಿ ನೆರಳು ಬೆರೆತು ಚಿತ್ರ ಒಡೆದುಹೋಗುತ್ತದೆ. ಮಳೆಗಾಲದಲ್ಲಿ ಅದೇ ತೋಟದ ಪ್ರತಿ ಕಾಂಡವೂ, ಕಾಂಡದ ಮೇಲಿನ ಪಾಚಿಯೂ, ಗೊನೆಗಳ ಮೇಲೆ ಉಳಿದ ಬೋರ್ಡೋ ಮದ್ದಿನ ತಿಳಿನೀಲಿಯೂ ಬೇರೆಬೇರೆಯಾಗಿ ಕಾಣುತ್ತವೆ. ಒದ್ದೆಯಾದ ಮುರಕಲ್ಲಿನ ಬಣ್ಣ ಗಾಢವಾಗುತ್ತದೆ. ಈ ಕೆಂಪಿಗೆ ಕಲ್ಲಿನೊಳಗಿನ ಕಬ್ಬಿಣದ ಆಕ್ಸೈಡ್ ಕಾರಣ. ಒಣಗಿದಾಗ ಕಲ್ಲಿನ ಒರಟು ಮೈ ಬೆಳಕನ್ನು ಎಲ್ಲ ಕಡೆ ಚೆದುರಿಸಿ ಬಣ್ಣವನ್ನು ಮಾಸಿಸುತ್ತದೆ. ನೀರಿನ ತೆಳು ಪದರ ಆ ಚೆದುರುವಿಕೆಯನ್ನು ತಗ್ಗಿಸುತ್ತದೆ.

ಆದರೆ ಒದ್ದೆ ಎಲೆಗಳು ಬಿಳಿ ಆಕಾಶವನ್ನು ಪ್ರತಿಫಲಿಸುತ್ತವೆ. ಹಸಿರು ಬೂದಿಯಾಗುತ್ತದೆ. ಇದಕ್ಕೆ ಪರಿಹಾರ ಪೋಲರೈಸರ್ ಎಂಬ ಫಿಲ್ಟರ್. ಮಸೂರದ ಮುಂದೆ ಅದನ್ನು ಜೋಡಿಸಿ ನಿಧಾನವಾಗಿ ತಿರುಗಿಸಬೇಕು. ಒಂದು ಹಂತದಲ್ಲಿ ಎಲೆಯ ಮೇಲಿನ ಹೊಳಪು ಹೋಗಿ ನಿಜವಾದ ಹಸಿರು ಹೊರಬರುತ್ತದೆ. ಅದು ಬೆಳಕನ್ನು ಒಂದರಿಂದ ಎರಡು ಸ್ಟಾಪ್‌ನಷ್ಟು ನುಂಗುತ್ತದೆ, ಎಂದರೆ ಅರ್ಧ ಅಥವಾ ಕಾಲು ಪಾಲು ಬೆಳಕಷ್ಟೇ ಉಳಿಯುತ್ತದೆ. ಹಾಗಾಗಿ ಮುಕ್ಕಾಲಿ ಬೇಕು. ಒಂದೇ ಒಂದು ಫಿಲ್ಟರ್ ಕೊಳ್ಳಲು ಹಣವಿರುವವರು ಇದನ್ನೇ ಕೊಳ್ಳಬೇಕು. ಇದರ ಪರಿಣಾಮವನ್ನು ಕಂಪ್ಯೂಟರಿನಲ್ಲಿ ಆಮೇಲೆ ಪೂರ್ತಿಯಾಗಿ ತರಲು ಬರುವುದಿಲ್ಲ.

ಮಳೆಯ ಹನಿಯನ್ನೇ ಚಿತ್ರದಲ್ಲಿ ತೋರಿಸಬೇಕಾದರೆ ಹಿನ್ನೆಲೆ ಕಪ್ಪಾಗಿರಬೇಕು. ತೋಟದ ಒಳಗತ್ತಲೆ ಅದಕ್ಕೆ ತಕ್ಕದ್ದು. ಷಟರ್ ವೇಗ ಸೆಕೆಂಡಿನ ಮೂವತ್ತನೇ ಅಥವಾ ಅರುವತ್ತನೇ ಒಂದು ಭಾಗವಿದ್ದರೆ ಹನಿಗಳು ಗೆರೆಗಳಾಗುತ್ತವೆ. ಐನೂರನೇ ಒಂದು ಭಾಗವಿದ್ದರೆ ಆ ಗೆರೆಗಳು ಬಹಳ ಗಿಡ್ಡವಾಗುತ್ತವೆ. ಬೆಳಕು ಹನಿಗಳ ಹಿಂದಿನಿಂದ ಬಂದರೆ ಇನ್ನೂ ಒಳ್ಳೆಯದು. ತುಂಬಿ ಹರಿಯುವ ತೋಡಿನ ನೀರನ್ನು ಹಾಲಿನ ನೊರೆಯಾಗಿಸುವ ದೀರ್ಘ ಷಟರಿನ ಚಿತ್ರಗಳು ಈಗ ಎಲ್ಲೆಲ್ಲೂ ಇವೆ. ಮಳೆಗಾಲದ ತೋಡು ಹಾಗಿರುವುದಿಲ್ಲ. ಅದು ಕೆಂಪಗೆ, ಭಾರವಾಗಿ, ಕಸಕಡ್ಡಿ ಹೊತ್ತು ನುಗ್ಗುತ್ತದೆ. ಸೆಕೆಂಡಿನ ಎಂಟನೇ ಒಂದು ಭಾಗದ ಆಸುಪಾಸಿನ ವೇಗದಲ್ಲಿ ಆ ನುಗ್ಗಾಟದ ರಭಸ ಉಳಿಯುತ್ತದೆ.

ಈ ಕಾಲದ ಬಿಳಿ ಆಕಾಶಕ್ಕೆ ಚಿತ್ರದಲ್ಲಿ ಹೆಚ್ಚು ಜಾಗ ಕೊಡಬಾರದು. ಕ್ಯಾಮೆರಾವನ್ನು ಸ್ವಲ್ಪ ತಗ್ಗಿಸಿ, ಇಳಿಜಾರು, ತೋಟ, ಗದ್ದೆ ಇಷ್ಟನ್ನೇ ತುಂಬಿಸುವುದು ಮೇಲು. ಮೋಡಕ್ಕೆ ಆಕಾರವಿದ್ದಾಗ, ಪದವಿನ ಮೇಲೆ ಕಪ್ಪು ಮೋಡ ಸಾಲುಗಟ್ಟಿದಾಗ ಮಾತ್ರ ಆಕಾಶಕ್ಕೆ ಮೂರರಲ್ಲಿ ಎರಡು ಪಾಲು ಕೊಡಬಹುದು.

ಮಳೆಗಾಲದ ಇನ್ನೊಂದು ಶತ್ರು ಬೂಸ್ಟು. ಆಟಿ ತಿಂಗಳಲ್ಲಿ, ಎಂದರೆ ಜುಲೈ ಮಧ್ಯದಿಂದ, ಮನೆಯೊಳಗಿನ ಗಾಳಿಯೂ ನೀರಿನಿಂದ ಭಾರವಾಗಿರುತ್ತದೆ. ಚರ್ಮದ ಚೀಲದಲ್ಲಿ ಮುಚ್ಚಿಟ್ಟ ಮಸೂರದೊಳಗೆ ಬೂಸ್ಟಿನ ಎಳೆಗಳು ಹಬ್ಬುತ್ತವೆ. ಒಮ್ಮೆ ಗಾಜನ್ನು ತಿಂದರೆ ಆ ಕಲೆ ಹೋಗುವುದಿಲ್ಲ. ಗಾಳಿಯಾಡದ ಮುಚ್ಚಳದ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್ ಪೊಟ್ಟಣ, ಸಾಧ್ಯವಾದರೆ ತೇವಾಂಶ ತೋರಿಸುವ ಚಿಕ್ಕ ಮಾಪಕ ಇಷ್ಟು ಸಾಕು. ತೇವಾಂಶ ಶೇಕಡಾ 40ರಿಂದ 50 ಇದ್ದರೆ ಕ್ಷೇಮ. ಕ್ಯಾಮೆರಾವನ್ನು ವಾರಕ್ಕೊಮ್ಮೆ ಹೊರತೆಗೆದು ಬಳಸುವುದೂ ಒಂದು ರಕ್ಷಣೆ. ಹವಾನಿಯಂತ್ರಿತ ಕಾರಿನಿಂದ ನೇರ ಮಳೆಗಾಳಿಗೆ ತಂದರೆ ಗಾಜಿನ ಮೇಲೆ ಆವಿ ಕೂರುತ್ತದೆ. ಚೀಲ ತೆರೆಯುವ ಮೊದಲು ಅರ್ಧ ಗಂಟೆ ಹೊರಗಿಟ್ಟರೆ ಆ ತೊಂದರೆಯಿಲ್ಲ.

ಮಳೆಯ ತಿಂಗಳುಗಳಿಗೆ ಬೇಕಾದದ್ದು ಸಮಬೆಳಕಿನ ತಿಳಿವಳಿಕೆ, ಪೋಲರೈಸರ್, ಒಣ ಡಬ್ಬಿ. ಮಳೆ ಹಿಂದೆ ಸರಿಯುವ ತಿಂಗಳುಗಳು ಮುಂದಿನವು. ಬಾಯಾರಿನ ಭೂದೃಶ್ಯಕ್ಕೆ ವರ್ಷದಲ್ಲಿ ಇವೇ ಅತ್ಯಂತ ಶ್ರೇಷ್ಠ.

ಸೋಣ ಬಂದಾಗ, ಆಗಸ್ಟ್ ಮಧ್ಯದಿಂದ, ಮಳೆಯ ನಡುವೆ ಬಿಸಿಲಿನ ಬಿಡುವು ಸಿಗುತ್ತದೆ. ಆಗ ಪದವಿನ ಮೇಲೆ ನಡೆಯಬೇಕು. ಬೇಸಿಗೆಯಲ್ಲಿ ಬರಡಾಗಿ ಕಂಡ ಮುರಕಲ್ಲಿನ ಹಾಸಿನಲ್ಲಿ ತಗ್ಗುಗಳಲ್ಲೆಲ್ಲ ನೀರು ನಿಂತಿರುತ್ತದೆ. ಈ ಪಳ್ಳಗಳ ಅಂಚಿನಲ್ಲಿ, ಬೆರಳುದ್ದದ ದಂಟುಗಳಲ್ಲಿ, ಯುಟ್ರಿಕ್ಯುಲೇರಿಯಾ ಎಂಬ ಕೀಟಾಹಾರಿ ಗಿಡದ ನೀಲಿ ಹೂಗಳು ಅರಳುತ್ತವೆ. ಕಾಸರಗೋಡಿನ ಪದವುಗಳಲ್ಲಿ ಅವು ಎಕರೆಗಟ್ಟಲೆ ನೀಲಿ ಹಾಸುತ್ತವೆ. ಜೊತೆಗೆ ಗುಂಡುಸೂಜಿಯ ತಲೆಯಂಥ ಬಿಳಿ ಹೂಗಳ ಎರಿಯೋಕಾಲಾನ್, ಅಂಟುಹನಿಗಳ ಡ್ರಾಸೆರಾ. ಇವು ಬದುಕುವುದು ಕೈಬೆರಳಿನಷ್ಟು ದಪ್ಪದ ಮಣ್ಣಿನಲ್ಲಿ. ನೀರು ಆರಿದೊಡನೆ ಮುಗಿಯುತ್ತವೆ.

ನಿಂತು ತೆಗೆದರೆ ಈ ಹೂವಿನ ಹಾಸು ಒಂದು ಬಣ್ಣದ ಕಲೆಯಾಗಿ ಮಾತ್ರ ಬರುತ್ತದೆ. ಕ್ಯಾಮೆರಾ ನೆಲದಿಂದ ಒಂದು ಗೇಣು ಎತ್ತರದಲ್ಲಿರಬೇಕು. ಅಗಲನೋಟದ ಮಸೂರವನ್ನು ಮುಂದಿನ ಹೂಗಳ ತೀರ ಹತ್ತಿರ ಒಯ್ಯಬೇಕು. ದ್ಯುತಿರಂಧ್ರವನ್ನು ಎಫ್ 11ರ ಆಸುಪಾಸಿಗೆ ಕಿರಿದುಗೊಳಿಸಿದರೆ ಮುಂದಿನ ಹೂವೂ ಹಿಂದಿನ ಗುಡ್ಡೆಯೂ ಬಹುತೇಕ ಸ್ಪಷ್ಟವಾಗುತ್ತವೆ. ಕಾಲಿಡುವ ಜಾಗ ಬರಿ ಕಲ್ಲೇ ಆಗಿರಬೇಕು. ಒಬ್ಬರ ಮೊಣಕಾಲಿನ ಗುರುತು ಆ ವರ್ಷದ ಹೂವನ್ನು ಆ ಜಾಗದಲ್ಲಿ ಮುಗಿಸಿಬಿಡುತ್ತದೆ.

ಪದವಿನ ಚಿತ್ರಗಳಿಗೆ ಇನ್ನೊಂದು ತೂಕವೂ ಇದೆ. ಪದವನ್ನು ಬರಡು ನೆಲ ಎಂದೇ ಎಣಿಸಲಾಗುತ್ತದೆ. ಕಲ್ಲಿನ ಕೋರೆಗಳು ಅದನ್ನು ಆಯತಾಕಾರದ ಹೊಂಡಗಳಾಗಿ ಕತ್ತರಿಸುತ್ತವೆ. ಹೂವಿನ ಕಾಲದ ಒಂದು ಒಳ್ಳೆಯ ಚಿತ್ರ ಆ ಎಣಿಕೆಯನ್ನು ಪ್ರಶ್ನಿಸುತ್ತದೆ. ಆದ್ದರಿಂದ ಹೂವಿನೊಡನೆ ಕೋರೆಯೂ ಚೌಕಟ್ಟಿನೊಳಗೆ ಬರಬೇಕು. ಕೋರೆಯನ್ನು ಬಿಟ್ಟು ಹೂವನ್ನು ಮಾತ್ರ ತೋರಿಸುವ ಚಿತ್ರ ಅರ್ಧ ಸತ್ಯ.

ನಿರ್ನಾಲ, ಬೊಂತೆಲ್ ತಿಂಗಳುಗಳಲ್ಲಿ, ಸೆಪ್ಟೆಂಬರ್ ಮಧ್ಯದಿಂದ ನವೆಂಬರ್‌ವರೆಗೆ, ಗಾಳಿಯ ಧೂಳನ್ನು ಮಳೆ ತೊಳೆದಿರುತ್ತದೆ. ದೂರದ ನೋಟ ವರ್ಷದಲ್ಲಿ ಅತ್ಯಂತ ಸ್ಪಷ್ಟವಾಗುವುದು ಈಗ. ಪೊಸಡಿಗುಂಪೆಯಿಂದ ಕುದುರೆಮುಖದ ಏರಿಳಿತಗಳನ್ನು ಒಂದೊಂದಾಗಿ ಗುರುತಿಸಬಹುದು. ಬೆಳಗ್ಗೆ ಬಿಸಿಲು, ಸಂಜೆ ತುಲಾಮಳೆಯ, ಎಂದರೆ ಹಿಂಗಾರಿನ, ಗುಡುಗು. ಪೂರ್ವದಲ್ಲಿ ಘಟ್ಟದ ಮೇಲೆ ಕಪ್ಪು ಮೋಡ ಎದ್ದು, ಪಶ್ಚಿಮದ ಬಿಸಿಲು ತೆಂಗಿನ ತಲೆಗಳ ಮೇಲೆ ಬಿದ್ದಾಗ, ಬೆಳಗಿದ ಮುನ್ನೆಲೆ, ಕಪ್ಪು ಹಿನ್ನೆಲೆ ಎರಡೂ ಸಿಗುತ್ತವೆ. ಸಾಮಾನ್ಯ ಚಿತ್ರದಲ್ಲಿ ಆಕಾಶವೇ ನೆಲಕ್ಕಿಂತ ಪ್ರಕಾಶವಾಗಿರುತ್ತದೆ. ಇಲ್ಲಿ ಅದು ತಿರುಗಿರುತ್ತದೆ. ಕಾಮನಬಿಲ್ಲು ಬೇಕಾದವರು ಸೂರ್ಯನಿಗೆ ಬೆನ್ನು ಹಾಕಿ ನಿಲ್ಲಬೇಕು. ಸೂರ್ಯ 42 ಡಿಗ್ರಿಗಿಂತ ಕೆಳಗಿದ್ದರೆ ಮಾತ್ರ ಬಿಲ್ಲು ದಿಗಂತದ ಮೇಲೆ ಕಾಣುತ್ತದೆ. ಈ ತಿಂಗಳುಗಳಲ್ಲಿ ಅದು ಮಧ್ಯಾಹ್ನ ಸುಮಾರು ಮೂರು ಗಂಟೆಯ ನಂತರ.

ಆದರೆ ಕೇಳುಗರೇ, ಗುಡುಗಿನ ಹೊತ್ತಿನಲ್ಲಿ ಪದವಿನ ಮೇಲೆ ನಿಂತ ಮನುಷ್ಯನೇ ಅತಿ ಎತ್ತರದ ವಸ್ತು. ಮಿಂಚಿದ ಬಳಿಕ 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು 10 ಕಿಲೋಮೀಟರಿನೊಳಗಿದೆ. ಆಗ ಮುಕ್ಕಾಲಿಯನ್ನು ಬಿಟ್ಟಾದರೂ ಇಳಿಯಬೇಕು. ಒಂಟಿ ಮರದಡಿ ನಿಲ್ಲಬಾರದು. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಬೇಕು. ಏಪ್ರಿಲ್, ಮೇ ತಿಂಗಳ ಬೇಸಿಗೆ ಮಳೆಗೂ ಇದೇ ನಿಯಮ.

ಸೋಣದಿಂದ ಬೊಂತೆಲಿನವರೆಗೆ ಕಂಡದ್ದು ಪದವಿನ ಹೂ, ತೊಳೆದ ಗಾಳಿ, ಸಂಜೆಯ ಮೋಡ. ಮುಂದೆ ಚಳಿ ಮತ್ತು ಮಂಜು.

ಡಿಸೆಂಬರ್, ಜನವರಿಯ ಮುಂಜಾನೆಗಳಲ್ಲಿ ತಂಪಾದ, ಭಾರವಾದ ಗಾಳಿ ಇಳಿಜಾರಿನಿಂದ ಜಾರಿ ಕಣಿವೆಯಲ್ಲಿ ಕೂರುತ್ತದೆ. ತೋಟದ ಮೇಲೆ ಮಂಜಿನ ಪದರ ನಿಲ್ಲುತ್ತದೆ. ಎತ್ತರದಲ್ಲಿ ನಿಂತವರಿಗೆ ಅಡಿಕೆಯ ತಲೆಗಳು ಮಾತ್ರ ಮಂಜಿನಿಂದ ಮೇಲೆ ಕಾಣುತ್ತವೆ. ಕ್ಯಾಮೆರಾದ ಅಳತೆಗೆ ಎಲ್ಲವೂ ನಡುಬೂದಿ ಬಣ್ಣ. ಅದು ಬಿಳಿ ಮಂಜನ್ನೂ ಬೂದಿಯಾಗಿಸುತ್ತದೆ. ಆದ್ದರಿಂದ ಒಡ್ಡಿಕೆಯನ್ನು, ಎಂದರೆ ಎಕ್ಸ್‌ಪೋಷರನ್ನು, ಒಂದು ಸ್ಟಾಪ್ ಹೆಚ್ಚಿಸಬೇಕು. ಕತ್ತಲೆಯ ತೋಟದೊಳಗೆ ಇದಕ್ಕೆ ವಿರುದ್ಧ. ಅಲ್ಲಿ ಸ್ವಲ್ಪ ಇಳಿಸಬೇಕು. ಸೂರ್ಯ ಮೇಲೇರಿ ತೋಟದೊಳಗೆ ಬೆಳಕಿನ ಕೋಲುಗಳು ಇಳಿಯುವುದು ಮಂಜು ಕರಗುವ ಕೊನೆಯ ಕೆಲವು ನಿಮಿಷಗಳಲ್ಲಿ. ಮಂಜು ದಟ್ಟವಾಗಿದ್ದಾಗ ತೆಗೆದು ಮನೆಗೆ ಹೋದವರಿಗೆ ಅದು ಸಿಗುವುದಿಲ್ಲ.

ಇದೇ ಕಾಲದಲ್ಲಿ ಗುಡ್ಡೆಯ ಮುಳಿಹುಲ್ಲು ಹಣ್ಣಾಗಿ ಹೊನ್ನಬಣ್ಣಕ್ಕೆ ತಿರುಗುತ್ತದೆ. ಹಿಂದೆ ಮಾಡಿಗೆ ಹೊದಿಸಿದ್ದು ಈ ಹುಲ್ಲನ್ನೇ. ಸೂರ್ಯನ ಎದುರಾಗಿ ನಿಂತು ತೆಗೆದರೆ ಹುಲ್ಲಿನ ತುದಿಗಳು ಹೊಳೆಯುತ್ತವೆ. ಮಸೂರದೊಳಗೆ ಬಿಸಿಲು ನೇರ ಬೀಳದಂತೆ ಕೈಯನ್ನೋ ಟೊಪ್ಪಿಯನ್ನೋ ಅಡ್ಡ ಹಿಡಿಯಬೇಕು. ಮನೆಗಳ ಅಂಗಳದಲ್ಲಿ ಅಡಿಕೆ ಹರಡುವುದೂ ಈಗಲೇ. ಹಣ್ಣಡಿಕೆ ಸುಮಾರು 40 ದಿನ ಒಣಗುತ್ತದೆ. ಕಿತ್ತಳೆ ಬಣ್ಣ ದಿನದಿಂದ ದಿನಕ್ಕೆ ಕಂದಾಗುತ್ತದೆ. ಮನೆಯವರ ಒಪ್ಪಿಗೆ ಕೇಳಿ ತೆಗೆದ ಅಂಗಳದ ಚಿತ್ರ ಯಾವ ಸೂರ್ಯಾಸ್ತಕ್ಕೂ ಕಡಿಮೆಯಲ್ಲ.

ಹುಣ್ಣಿಮೆಯ ಹಿಂದಿನ ದಿನಕ್ಕೂ ಇಲ್ಲಿ ಒಂದು ಮಾತು. ಅಂದು ಚಂದ್ರ ಸೂರ್ಯಾಸ್ತಕ್ಕೆ ಮುಕ್ಕಾಲು ಗಂಟೆ, ಒಂದು ಗಂಟೆ ಮೊದಲೇ ಪೂರ್ವದಲ್ಲಿ ಏಳುತ್ತಾನೆ. ನೆಲದ ಮೇಲೆ ಇನ್ನೂ ಬೆಳಕಿರುತ್ತದೆ. ಘಟ್ಟದ ಸಾಲೂ ಚಂದ್ರನೂ ಒಂದೇ ಒಡ್ಡಿಕೆಯಲ್ಲಿ ಸಿಗುತ್ತವೆ. ಹುಣ್ಣಿಮೆಯಂದೇ ಹೋದರೆ ನೆಲ ಕಪ್ಪಾಗಿ, ಚಂದ್ರ ಬರಿ ಬಿಳಿ ಬಟ್ಟಾಗಿ ಬರುತ್ತಾನೆ.

ಚಳಿಗಾಲದ ಮಂಜು, ಹುಲ್ಲು, ಅಂಗಳ ಇಲ್ಲಿಗೆ ಮುಗಿಯಿತು. ಬೇಸಿಗೆಗೆ ಹೆಚ್ಚು ಮಾತು ಬೇಡ. ಫೆಬ್ರವರಿಯಿಂದ ಗಾಳಿಯಲ್ಲಿ ಧೂಳು ಸೇರುತ್ತದೆ. ಹುಲ್ಲಿಗೆ ಬಿದ್ದ ಬೆಂಕಿಯ ಹೊಗೆಯೂ ಸೇರುತ್ತದೆ. ದೂರದ ಬೆಟ್ಟ ಮಾಯವಾಗುತ್ತದೆ. ಗುಡ್ಡೆಗಳು ಒಂದರ ಹಿಂದೊಂದು ತೆಳುವಾಗುತ್ತ ಹೋಗುವುದನ್ನು ಉದ್ದ ನಾಭಿಯ ಮಸೂರದಲ್ಲಿ ಹಿಡಿಯಬಹುದು. ಬೂರುಗದ ಮರ ಎಲೆಯುದುರಿಸಿ ಕೆಂಪು ಹೂ ಬಿಡುತ್ತದೆ. ಏಪ್ರಿಲ್ ಮಧ್ಯದ ಬಿಸು ಹಬ್ಬದ ಹೊತ್ತಿಗೆ ಕಕ್ಕೆಯ ಹಳದಿ ಗೊಂಚಲು. ಹೊರಗೆ ಬೆಳಕು ಗಡುಸಾದಾಗ ಸುರಂಗಗಳ ಕಡೆ ಹೋಗಬಹುದು. ಬಾಯಾರು ಸುರಂಗಗಳಿಗೆ ಹೆಸರಾದ ಊರು. ಮುರಕಲ್ಲಿನ ಗುಡ್ಡೆಗೆ ಅಡ್ಡವಾಗಿ ಕೊರೆದ ಈ ನೀರಿನ ದಾರಿಗಳ ಬಗ್ಗೆ ನೆರೆಯ ಪಡ್ರೆಯ ಪತ್ರಕರ್ತ ಶ್ರೀಪಡ್ರೆ ಬಹಳ ಬರೆದಿದ್ದಾರೆ. ಸುರಂಗದ ಬಾಯಿ, ಅದರಿಂದ ಹೊರಡುವ ಸಣ್ಣ ಕಾಲುವೆ, ಕೆಳಗಿನ ಕೆರೆ, ಅದರ ಕೆಳಗಿನ ಹಸಿರು ತೋಟ, ಈ ನಾಲ್ಕೂ ಒಂದೇ ಚೌಕಟ್ಟಿನಲ್ಲಿ ಬಂದರೆ ಬೇಸಿಗೆಯ ಬಾಯಾರು ಹೇಗೆ ಬದುಕುತ್ತದೆ ಎಂಬುದು ಕಾಣುತ್ತದೆ. ಸುರಂಗದೊಳಗೆ ಗಾಳಿ ಕಡಿಮೆ, ಕುಸಿತದ ಭಯವೂ ಇದೆ. ಹೊರಗಿನಿಂದಲೇ ತೆಗೆಯಬೇಕು.

ಹನ್ನೆರಡು ತಿಂಗಳ ಸುತ್ತು ಆಯಿತು. ಉಳಿದದ್ದು ವಿಧಾನ. ಜಪಾನಿನ ಒಕಾಡಾ ಕೊಯೊ ಎಂಬ ಛಾಯಾಗ್ರಾಹಕ ಫ್ಯೂಜಿ ಪರ್ವತ ಒಂದನ್ನೇ ಜೀವಮಾನವಿಡೀ ತೆಗೆದರು. 1935ರಲ್ಲಿ ಮೊಟೊಸು ಸರೋವರದ ಬಳಿ ಅವರು ತೆಗೆದ ಚಿತ್ರವನ್ನು ಆಧರಿಸಿದ ನೋಟ ಮುಂದೆ ಜಪಾನಿನ ನೋಟುಗಳ ಮೇಲೆ ಬಂತು. ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗುವುದರ ಫಲ ಅದು. ಬಾಯಾರಿನಲ್ಲೂ ಮೂರು ಜಾಗಗಳನ್ನು ಆರಿಸಿಕೊಳ್ಳಬಹುದು. ಪದವಿನ ಒಂದು ಬಂಡೆ, ತೋಡಿನ ಒಂದು ಕಾಲುಸಂಕ, ಪೊಸಡಿಗುಂಪೆಯ ನೆತ್ತಿ. ತಿಂಗಳಿಗೊಮ್ಮೆ ಅದೇ ಜಾಗ, ಅದೇ ಮಸೂರ, ಅದೇ ಎತ್ತರ. ಮುಕ್ಕಾಲಿಯ ಕಾಲಿಟ್ಟ ಕಡೆ ಒಂದು ಗುರುತು ನೋಡಿಕೊಂಡರೆ ಸಾಕು.

ಪ್ರತಿ ಚಿತ್ರಕ್ಕೂ ದಿನಾಂಕ, ಗಂಟೆ, ದಿಕ್ಕು, ಹಿಂದಿನ ದಿನ ಮಳೆ ಬಂದಿತ್ತೇ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆಯಬೇಕು. ಚಿತ್ರಗಳನ್ನು ರಾ ಕಡತವಾಗಿ, ಎಂದರೆ ಕ್ಯಾಮೆರಾ ಸಂಸ್ಕರಿಸದ ರೂಪದಲ್ಲಿ, ಉಳಿಸಿದರೆ ತೋಟದೊಳಗಿನ ಹಸಿರು ಛಾಯೆಯನ್ನು ಆಮೇಲೆ ಸರಿಪಡಿಸಬಹುದು. ಬಣ್ಣವನ್ನು ಏರಿಸುವ ಗುಂಡಿಯನ್ನು ಮುಟ್ಟದಿರುವುದೇ ಒಳ್ಳೆಯದು. ಆಟಿಯ ಹಸಿರಿಗೂ ಸೋಣದ ಹಸಿರಿಗೂ ನಡುವಿನ ಸೂಕ್ಷ್ಮ ಅಂತರ ಅದರಿಂದ ಅಳಿಸಿಹೋಗುತ್ತದೆ. ಚಿತ್ರಗಳ ಒಂದು ಪ್ರತಿ ಮನೆಯಲ್ಲಿ, ಇನ್ನೊಂದು ಬೇರೆ ಮನೆಯಲ್ಲಿ ಇರಬೇಕು. ವರ್ಷ ತುಂಬಿದಾಗ ಹನ್ನೆರಡು ಚಿತ್ರಗಳನ್ನು ಮುದ್ರಿಸಿ ಸಾಲಾಗಿ ಇಟ್ಟು ನೋಡಿದರೆ ಯಾವ ತಿಂಗಳಲ್ಲಿ ಆ ಜಾಗ ಚೆನ್ನಾಗಿ ಬರುತ್ತದೆ, ಯಾವ ಗಂಟೆಗೆ ಹೋಗಬೇಕು ಎಂಬುದು ಗೊತ್ತಾಗುತ್ತದೆ. ಎರಡನೇ ವರ್ಷದ ಭೇಟಿಗಳನ್ನು ಆ ಸಾಲನ್ನು ನೋಡಿಯೇ ನಿಗದಿ ಮಾಡಬೇಕು.